ತೀವ್ರ ಜ್ವರ: ಕಾರಣ ಗುರುತಿಸುವ ಕ್ರಮ, ಆರೈಕೆಯ ದಾರಿ

ಜ್ವರವು ಸ್ವತಃ ರೋಗವಲ್ಲ. ದೇಹವನ್ನು ಹೊಕ್ಕ ರೋಗಾಣುವಿನ ವಿರುದ್ಧ ರಕ್ಷಣಾ ವ್ಯವಸ್ಥೆ ಚುರುಕುಗೊಂಡಾಗ, ಮಿದುಳಿನಲ್ಲಿ ತಾಪವನ್ನು ನಿಯಂತ್ರಿಸುವ ಹೈಪೋಥಲಮಸ್ ಎಂಬ ಭಾಗವು ಮೈಯ ಬಿಸಿಯನ್ನು ಏರಿಸುವುದರಿಂದ ಕಾಣಿಸಿಕೊಳ್ಳುವ ಲಕ್ಷಣವದು. ಸಾಮಾನ್ಯವಾಗಿ 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೆ ಜ್ವರವೆಂದೂ 103 ಡಿಗ್ರಿಗೆ ಏರಿದರೆ ತೀವ್ರ ಜ್ವರವೆಂದೂ ಪರಿಗಣಿಸಲಾಗುತ್ತದೆ. ಡೆಂಗಿ, ಟೈಫಾಯ್ಡ್, ಫ್ಲೂ, ನ್ಯುಮೋನಿಯಾ ಇವೆಲ್ಲವೂ ಥರ್ಮಾಮೀಟರ್‌ನಲ್ಲಿ ಒಂದೇ ಅಂಕಿಯನ್ನು ತೋರಿಸಬಲ್ಲವಾದ್ದರಿಂದ, ಜ್ವರ ಎಷ್ಟನೆಯ ದಿನದ್ದು, ಅದರೊಂದಿಗೆ ಬೇರೇನು ಕಾಣಿಸಿದೆ, ರೋಗಿ ಎಲ್ಲಿ ಓಡಾಡಿದ್ದಾರೆ ಎಂಬ ಮೂರು ಸಂಗತಿಗಳೇ ಕಾರಣದ ಕಡೆಗೆ ಕೈತೋರುತ್ತವೆ. ದೇವನಹಳ್ಳಿ ತಾಲ್ಲೂಕಿನ ನಲ್ಲೂರು ಹಾಗೂ ಸುತ್ತಲಿನ ಹಳ್ಳಿಗಳ ಮನೆಗಳಲ್ಲಿ ಅನುಸರಿಸಬಹುದಾದ ಕ್ರಮವನ್ನು ಇಲ್ಲಿ ವಿವರಿಸಲಾಗಿದೆ.

1. ಅಳೆದು ಬರೆದಿಡುವುದು

ಹಣೆ ಮುಟ್ಟಿ ಅಂದಾಜು ಮಾಡುವುದಕ್ಕಿಂತ ಡಿಜಿಟಲ್ ಥರ್ಮಾಮೀಟರ್‌ನಿಂದ ದಿನಕ್ಕೆ ಮೂರು ನಾಲ್ಕು ಬಾರಿ ಅಳೆದು, ಸಮಯ ಮತ್ತು ಕೊಟ್ಟ ಮಾತ್ರೆಯೊಂದಿಗೆ ಹಾಳೆಯಲ್ಲಿ ಬರೆದಿಡಬೇಕು. ಕಂಕುಳಲ್ಲಿಟ್ಟು ಅಳೆದ ತಾಪವು ಬಾಯಿಯಲ್ಲಿ ಅಳೆದದ್ದಕ್ಕಿಂತ ತುಸು ಕಡಿಮೆ ಇರುತ್ತದೆ. ಜ್ವರ ಆರಂಭವಾದ ದಿನಾಂಕವನ್ನು ಮರೆಯದೆ ಗುರುತಿಸಬೇಕು, ಏಕೆಂದರೆ ಯಾವ ಪರೀಕ್ಷೆ ಯಾವಾಗ ಮಾಡಬೇಕೆಂಬುದು ಅದನ್ನೇ ಅವಲಂಬಿಸಿದೆ.

2. ಜೊತೆಯ ಲಕ್ಷಣಗಳನ್ನು ಗಮನಿಸುವುದು

ಡೆಂಗಿಯಲ್ಲಿ ಜ್ವರ ಹಠಾತ್ತನೆ ಏರುತ್ತದೆ. ಕಣ್ಣುಗುಡ್ಡೆಯ ಹಿಂದೆ ನೋವು, ಮೈಕೈ ನೋವು, ವಾಕರಿಕೆ ಹಾಗೂ ಕೆಲವರಲ್ಲಿ ಚರ್ಮದ ಮೇಲೆ ಕೆಂಪು ಗುಳ್ಳೆಗಳು ಕಾಣಿಸುತ್ತವೆ. 2006ರಲ್ಲಿ ಕರ್ನಾಟಕದ ಅನೇಕ ಜಿಲ್ಲೆಗಳನ್ನು ಕಾಡಿದ ಚಿಕೂನ್‌ಗುನ್ಯಾ ಕೂಡ ಡೆಂಗಿಯನ್ನು ಹರಡುವ ಈಡಿಸ್ ಸೊಳ್ಳೆಯಿಂದಲೇ ಹರಡುತ್ತದಾದರೂ, ಅದರಲ್ಲಿ ಕೀಲುನೋವೇ ಪ್ರಧಾನವಾಗಿದ್ದು ವಾರಗಟ್ಟಲೆ ಉಳಿಯಬಹುದು. ಕಲುಷಿತ ನೀರು, ಆಹಾರದಿಂದ ಬರುವ ಟೈಫಾಯ್ಡ್, ಅಂದರೆ ವಿಷಮಶೀತ ಜ್ವರವು, ದಿನದಿಂದ ದಿನಕ್ಕೆ ಮೆಲ್ಲಗೆ ಏರುತ್ತಾ ಹೊಟ್ಟೆನೋವು, ನಿಶ್ಶಕ್ತಿಯನ್ನು ಜೊತೆಗೆ ತರುತ್ತದೆ. ನಡುಗಿಸುವ ಚಳಿಯೊಂದಿಗೆ ಜ್ವರ ಬಂದು, ಬೆವರಿ ಇಳಿದು, ಮತ್ತೆ ಮರುಕಳಿಸಿದರೆ ಮಲೇರಿಯಾ ಶಂಕಿಸಬೇಕು. ಚಳಿಯೊಂದಿಗೆ ಉರಿಮೂತ್ರವಿದ್ದರೆ ಮೂತ್ರನಾಳದ ಸೋಂಕನ್ನೂ, ಕೆಮ್ಮು, ಏದುಸಿರು, ಎದೆನೋವಿದ್ದರೆ ನ್ಯುಮೋನಿಯಾವನ್ನೂ ಪರಿಶೀಲಿಸಬೇಕು.

3. ಓಡಾಟವನ್ನು ನೆನಪಿಸಿಕೊಳ್ಳುವುದು

ಹಿಂದಿನ ಎರಡು ಮೂರು ವಾರಗಳ ಕೆಲಸ ಮತ್ತು ಪ್ರಯಾಣವನ್ನು ವೈದ್ಯರಿಗೆ ತಿಳಿಸಬೇಕು. ನಲ್ಲೂರಿನ ಹುಣಸೆ ತೋಪು 2007ರಲ್ಲಿ ದೇಶದ ಮೊದಲ ಜೀವವೈವಿಧ್ಯ ಪಾರಂಪರಿಕ ತಾಣವೆಂದು ಘೋಷಿತವಾದುದು. ಅಂಥ ತೋಪುಗಳ ಅಂಚಿನಲ್ಲಾಗಲಿ ಬೇರೆಡೆಯ ಪೊದೆ, ಹುಲ್ಲುಗಾವಲುಗಳಲ್ಲಾಗಲಿ ದನ ಮೇಯಿಸಿದವರಿಗೆ, ಸೌದೆ ಆಯ್ದವರಿಗೆ ಜ್ವರ ಬಂದರೆ ಸ್ಕ್ರಬ್ ಟೈಫಸ್ ಸಾಧ್ಯತೆಯನ್ನು ನೆನೆಯಬೇಕು. ನುಸಿಮರಿಗಳ ಕಡಿತದಿಂದ ಬರುವ ಈ ಸೋಂಕಿನಲ್ಲಿ, ಕಂಕುಳು, ತೊಡೆಸಂದುಗಳಲ್ಲಿ ಸುಟ್ಟ ಗಾಯದಂಥ ಕಪ್ಪು ಹೆಕ್ಕಳೆ ಕಾಣಬಹುದು. ಇಲಿಮೂತ್ರ ಬೆರೆತ ಕೆಸರು ನೀರಿನಲ್ಲಿ ದುಡಿದವರಿಗೆ ಬರುವ ಇಲಿ ಜ್ವರದಲ್ಲಿ ಕಣ್ಣು ಕೆಂಪಾಗಿ ಮೀನಖಂಡಗಳು ತೀವ್ರವಾಗಿ ನೋಯುತ್ತವೆ. ಮಲೆನಾಡಿನ ಕಾಡಿಗೆ ಹೋಗಿಬಂದವರು, 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ ಮೊದಲು ಪತ್ತೆಯಾದ ಮಂಗನ ಕಾಯಿಲೆಯ ಕಾರಣಕ್ಕಾಗಿ, ಆ ಪ್ರಯಾಣವನ್ನು ತಪ್ಪದೆ ಹೇಳಬೇಕು.

4. ಸಕಾಲದ ಪರೀಕ್ಷೆ

ಜ್ವರ ತೀವ್ರವಾಗಿದ್ದರೆ ಅಥವಾ ಎರಡು ದಿನ ಮೀರಿದರೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಬೇಕು. ಡೆಂಗಿಯ ಎನ್‌ಎಸ್1 ಪರೀಕ್ಷೆಯು ಮೊದಲ ಐದು ದಿನಗಳಲ್ಲಿ ಉಪಯುಕ್ತ. ಅನಂತರ ಐಜಿಎಂ ಎಂಬ ಪ್ರತಿಕಾಯದ ಪರೀಕ್ಷೆ ನೆರವಾಗುತ್ತದೆ. ಮಲೇರಿಯಾವನ್ನು ರಕ್ತಲೇಪನದಿಂದಲೂ ಟೈಫಾಯ್ಡ್ ಅನ್ನು ರಕ್ತದ ಕಲ್ಚರ್‌ನಿಂದಲೂ ಖಚಿತಪಡಿಸಲಾಗುತ್ತದೆ. ಆ್ಯಂಟಿಬಯಾಟಿಕ್ ಮೊದಲೇ ನುಂಗಿದ್ದರೆ ಕಲ್ಚರ್‌ನಲ್ಲಿ ರೋಗಾಣು ಸಿಗದೆ ಹೋಗಬಹುದಾದ್ದರಿಂದ, ವೈದ್ಯರ ಚೀಟಿಯಿಲ್ಲದೆ ಮೆಡಿಕಲ್ ಅಂಗಡಿಯಿಂದ ಅಂಥ ಮಾತ್ರೆ ತರಬಾರದು.

5. ಮನೆಯ ಆರೈಕೆ

ಕಂಬಳಿ ಹೊದಿಸಿ ಬೆವರಿಳಿಸುವ ರೂಢಿಯನ್ನು ಬಿಟ್ಟು, ತೆಳುವಾದ ಬಟ್ಟೆ ತೊಡಿಸಿ ಗಾಳಿಯಾಡುವಲ್ಲಿ ಮಲಗಿಸಬೇಕು. ಗಂಜಿ, ಮಜ್ಜಿಗೆ, ಎಳನೀರು, ಓಆರ್‌ಎಸ್ ದ್ರಾವಣಗಳನ್ನು ಆಗಾಗ ಕೊಡಬೇಕು. ಜ್ವರ ಇಳಿಸಲು ಪ್ಯಾರಾಸಿಟಮಾಲ್ ಸಾಕು. ಮಕ್ಕಳಿಗೆ ತೂಕಕ್ಕೆ ತಕ್ಕ ಪ್ರಮಾಣವನ್ನು ವೈದ್ಯರಿಂದ ಕೇಳಿಯೇ ಕೊಡಬೇಕು. ಡೆಂಗಿ ಅಲ್ಲವೆಂದು ಖಚಿತವಾಗುವವರೆಗೆ ಆಸ್ಪಿರಿನ್, ಐಬುಪ್ರೊಫೆನ್ ಮಾತ್ರೆಗಳನ್ನು ಕೊಡಬಾರದು, ಏಕೆಂದರೆ ಅವು ರಕ್ತಸ್ರಾವವನ್ನು ಹೆಚ್ಚಿಸಬಲ್ಲವು.

6. ಅಪಾಯದ ಸೂಚನೆ

ಡೆಂಗಿಯಲ್ಲಿ ಜ್ವರ ಇಳಿಯುವ ಸಮಯವೇ, ಅಂದರೆ ಸಾಮಾನ್ಯವಾಗಿ ಮೂರರಿಂದ ಏಳನೆಯ ದಿನದ ನಡುವಿನ ಅವಧಿಯೇ, ಅತ್ಯಂತ ಅಪಾಯಕಾರಿ. ಆಗ ರಕ್ತನಾಳಗಳಿಂದ ದ್ರವ ಸೋರಿ ರಕ್ತದೊತ್ತಡ ಕುಸಿಯಬಹುದು. ತಡೆಯಿಲ್ಲದ ವಾಂತಿ, ತೀವ್ರ ಹೊಟ್ಟೆನೋವು, ಒಸಡು ಅಥವಾ ಮೂಗಿನಲ್ಲಿ ರಕ್ತ, ಕಪ್ಪು ಮಲ, ಮೂತ್ರ ಕಡಿಮೆಯಾಗುವುದು, ಕೈಕಾಲು ತಣ್ಣಗಾಗುವುದು ಕಂಡರೆ ತಡಮಾಡದೆ 108ಕ್ಕೆ ಕರೆ ಮಾಡಬೇಕು. ಯಾವುದೇ ಜ್ವರದಲ್ಲಿ ಫಿಟ್ಸ್, ಕತ್ತಿನ ಬಿಗಿತ, ಗೊಂದಲದ ಮಾತು, ಉಸಿರಾಟದ ತೊಂದರೆ ಇದ್ದರೂ, ಮೂರು ತಿಂಗಳೊಳಗಿನ ಕೂಸಿಗೆ ಜ್ವರ ಬಂದರೂ ಆಸ್ಪತ್ರೆಯೇ ದಾರಿ.

7. ಮತ್ತೆ ಬಾರದಂತೆ ತಡೆಯುವುದು

ರಾಜ್ಯ ಸರ್ಕಾರವು 2024ರಲ್ಲಿ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಅಧಿಸೂಚಿಸಿ, ಸೊಳ್ಳೆ ಬೆಳೆಯಲು ಆಸ್ಪದ ಕೊಡುವವರಿಗೆ ದಂಡ ವಿಧಿಸಲು ಅವಕಾಶ ಮಾಡಿತು. ನೀರು ಶೇಖರಿಸಿಡುವ ಡ್ರಮ್ಮು, ತೊಟ್ಟಿ, ಸಂಪುಗಳೂ ಮಳೆನೀರು ನಿಲ್ಲುವ ಹಳೆಯ ಟೈರುಗಳೂ ಈಡಿಸ್ ಸೊಳ್ಳೆಯ ತವರು. ಮೊಟ್ಟೆಯಿಂದ ಸೊಳ್ಳೆಯಾಗಲು ವಾರ, ಹತ್ತು ದಿನ ಸಾಕಾಗುವುದರಿಂದ ವಾರಕ್ಕೊಮ್ಮೆ ಅವುಗಳನ್ನು ಬರಿದು ಮಾಡಬೇಕು. ಈಡಿಸ್ ಮೊಟ್ಟೆಗಳು ಒಣಗಿದ ಗೋಡೆಗೆ ಅಂಟಿಕೊಂಡು ತಿಂಗಳುಗಟ್ಟಲೆ ಜೀವ ಹಿಡಿದಿರುವ ಕಾರಣ ನೀರು ಚೆಲ್ಲಿದರಷ್ಟೇ ಸಾಲದು. ಒಳಮೈಯನ್ನು ಬ್ರಷ್‌ನಿಂದ ತಿಕ್ಕಿ ತೊಳೆದು, ಒಣಗಿಸಿ, ಮರಳಿ ತುಂಬಿದ ಕೂಡಲೇ ಮುಚ್ಚಬೇಕು. ಒಂದು ಮನೆಯ ತೊಟ್ಟಿಯಲ್ಲಿ ಹುಟ್ಟಿದ ಸೊಳ್ಳೆ ನೆರೆಮನೆಯ ಮಗುವನ್ನೂ ಕಚ್ಚುವುದರಿಂದ, ಈ ಕೆಲಸವನ್ನು ಬೀದಿಯವರೆಲ್ಲ ಒಂದೇ ದಿನ ಕೈಗೊಳ್ಳುವುದು ಒಳ್ಳೆಯದು.