ಬೋಟಿನ ಡೆಕ್ಕಿಗೆ ಜಾರುನಿರೋಧಕ ಬಣ್ಣ: ಪೂರ್ವಸಿದ್ಧತೆ ಮತ್ತು ಲೇಪನ

ಬಮ್ಮಿಗಟ್ಟಿಯಂತಹ ಒಳನಾಡಿನ ಗ್ರಾಮಕ್ಕೂ ಬೋಟಿಗೂ ಮೇಲ್ನೋಟಕ್ಕೆ ಸಂಬಂಧ ಕಾಣದು. ಆದರೆ ಹುಬ್ಬಳ್ಳಿಯಿಂದ ಕಲಘಟಗಿ, ಯಲ್ಲಾಪುರಗಳ ಮೂಲಕ ಅಂಕೋಲೆಗೆ ಇಳಿಯುವ ಹೆದ್ದಾರಿಯು ಈ ಭಾಗದ ಬಣ್ಣದ ವ್ಯಾಪಾರಿಗಳನ್ನೂ ಕೆಲಸಗಾರರನ್ನೂ ಕಾರವಾರ, ತದಡಿ ಮುಂತಾದ ಬಂದರುಗಳಿಗೆ ಹತ್ತಿರವಾಗಿಸಿದೆ. ಟ್ರ್ಯಾಕ್ಟರ್ ಟ್ರೇಲರಿಗೆ ಬಣ್ಣ ಬಳಿದು ಪಳಗಿದ ಕೈಗೆ ಬೋಟಿನ ಡೆಕ್ಕು ಅಸಾಧ್ಯವಾದುದಲ್ಲ. ಆದರೂ ದರಪಟ್ಟಿ ಕೊಡುವ ಮುನ್ನ ಒಂದು ಸಂಗತಿಯನ್ನು ಅರಿತಿರಬೇಕು: ಈ ಕೆಲಸದಲ್ಲಿ ಹೆಚ್ಚು ಸಮಯ ಹಿಡಿಯುವುದು ಬಣ್ಣ ಹಚ್ಚುವುದಲ್ಲ, ಹಳೆಯ ಮೇಲ್ಮೈಯನ್ನು ಸಿದ್ಧಪಡಿಸುವುದು.

ರಾಜ್ಯದ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, ಅಂದರೆ 61 ದಿನ, ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿರುತ್ತದೆ. ಬೋಟುಗಳು ದಡದಲ್ಲಿರುವುದರಿಂದ ದುರಸ್ತಿಗೆ ಇದೇ ಬಿಡುವು. ದುರದೃಷ್ಟವಶಾತ್ ಬಣ್ಣಕ್ಕೆ ಅತ್ಯಂತ ಪ್ರತಿಕೂಲವಾದ ಹವೆಯೂ ಇದೇ. ಅವಸರದಲ್ಲಿ ತೇವದ ಮೇಲೆಯೇ ಬಳಿದ ಬಣ್ಣವು ಕೆಲವೇ ತಿಂಗಳಲ್ಲಿ ಹಪ್ಪಳದಂತೆ ಏಳುತ್ತದೆ. ಮಂಜುಗಡ್ಡೆಯ ನೀರು, ಮೀನಿನ ಲೋಳೆ, ಡೀಸೆಲ್ ಹರಡಿದ ಡೆಕ್ಕಿನ ಮೇಲೆ ರಾತ್ರಿ ಬಲೆ ಎಳೆಯುವವನಿಗೆ ಕಾಲಡಿಯ ಹಿಡಿತ ತಪ್ಪಿದರೆ ಮುಂದಿರುವುದು ಸಮುದ್ರ. ಆದ್ದರಿಂದ ಇದನ್ನು ಅಲಂಕಾರದ ಕೆಲಸವೆಂದು ಎಣಿಸಲಾಗದು.

ಮೊದಲು ಡೆಕ್ಕನ್ನು ಸುತ್ತಿಗೆಯ ಹಿಡಿಯಿಂದ ತಟ್ಟಿ ನೋಡಬೇಕು. ಮಂದವಾದ ಶಬ್ದ ಬಂದಲ್ಲಿ ಒಳಗಿನ ಪ್ಲೈವುಡ್ ನೀರು ಕುಡಿದಿರುವ ಸಾಧ್ಯತೆಯುಂಟು. ಅಲ್ಲಿ ಬಣ್ಣದಿಂದ ಪ್ರಯೋಜನವಿಲ್ಲ. ಅದು ಬಡಗಿಯ ಕೆಲಸ. ಅನಂತರ ಮಾರ್ಜಕದಿಂದ ತಿಕ್ಕಿ, ಸಿಹಿನೀರಿನಿಂದ ತೊಳೆದು ಒಣಗಿಸಿ, ದ್ರಾವಕದಿಂದ ಜಿಡ್ಡನ್ನು ತೆಗೆಯಬೇಕು. ಒಂದು ಬಟ್ಟೆಯಿಂದ ಹಚ್ಚಿದ ದ್ರಾವಕವನ್ನು ಅದು ಆರುವ ಮೊದಲೇ ಇನ್ನೊಂದು ಶುಭ್ರವಾದ ಬಟ್ಟೆಯಿಂದ ಒರೆಸದಿದ್ದರೆ ಜಿಡ್ಡು ಅಲ್ಲಿಯೇ ಮರಳಿ ಕೂರುತ್ತದೆ. ಪರೀಕ್ಷೆ ಸುಲಭ: ನೀರು ಚಿಮುಕಿಸಿದಾಗ ಅದು ತೆಳುಪದರವಾಗಿ ಹರಡಿದರೆ ಮೇಲ್ಮೈ ಶುದ್ಧ, ಕೆಸುವಿನ ಎಲೆಯ ಮೇಲಿನಂತೆ ಹನಿಗಟ್ಟಿದರೆ ಜಿಡ್ಡು ಇನ್ನೂ ಉಳಿದಿದೆ. ಮರಳುಕಾಗದವನ್ನು ಇದಾದ ಮೇಲೆಯೇ ಹಿಡಿಯಬೇಕು, ಇಲ್ಲವಾದರೆ ಉಜ್ಜುವಿಕೆಯು ಜಿಡ್ಡನ್ನು ಒಳಕ್ಕೆ ತಳ್ಳುತ್ತದೆ.

ಸಡಿಲವಾದ ಹಳೆಯ ಬಣ್ಣವನ್ನು ಹೆರೆದು, ಗಟ್ಟಿಯಾಗಿ ಹಿಡಿದಿರುವುದನ್ನು 80ನೇ ನಂಬರಿನ ಕಾಗದದಿಂದ ಉಜ್ಜಿದರೆ ಸಾಕು. ಫೈಬರ್ ಡೆಕ್ಕಿನಲ್ಲಿ ಅಚ್ಚಿನಿಂದಲೇ ಮೂಡಿದ ವಜ್ರಾಕೃತಿಯ ಉಬ್ಬುಗಳಿದ್ದರೆ ಯಂತ್ರವನ್ನು ಬಳಸಬಾರದು. ಯಂತ್ರವು ಉಬ್ಬುಗಳನ್ನು ಸವೆಸುತ್ತದೆಯೇ ಹೊರತು ತಗ್ಗುಗಳನ್ನು ಮುಟ್ಟುವುದಿಲ್ಲ. ಅಲ್ಲಿಗೆ ಹಿತ್ತಾಳೆ ತಂತಿಯ ಬ್ರಷ್ಷು ಮತ್ತು ತಾಳ್ಮೆ ಬೇಕು. ಉಕ್ಕಿನ ಡೆಕ್ಕಿನಲ್ಲಿ ತುಕ್ಕನ್ನು ಲೋಹ ಹೊಳೆಯುವವರೆಗೆ ತೆಗೆದು, ತಡಮಾಡದೆ ಪ್ರೈಮರ್ ಹಚ್ಚಬೇಕು. ಬಿರುಕುಗಳಿಗೆ ಎಪಾಕ್ಸಿ ತುಂಬುವುದು ವಾಡಿಕೆ.

ನೀರು ಹೊರಹೋಗುವ ರಂಧ್ರಗಳು, ಹಗ್ಗ ಬಿಗಿಯುವ ಗೂಟಗಳ ಬುಡ, ಅಂಚುಗಳು, ಇವುಗಳ ಸುತ್ತ ಟೇಪು ಹಚ್ಚಿ ಎರಡು ಬೆರಳಗಲ ನಯವಾದ ಜಾಗವನ್ನು ಬಿಡುವುದು ಒಳಿತು. ಒರಟು ಬಣ್ಣವು ಅಲ್ಲಿ ಕೊಳೆಯನ್ನು ಹಿಡಿದಿಡುತ್ತದೆ. ಎಪಾಕ್ಸಿ ಪ್ರೈಮರಿನ ಮೇಲೆ ಎರಡು ಭಾಗಗಳ ಪಾಲಿಯುರಿಥೇನ್ ಬಣ್ಣ ಸೂಕ್ತ. ಎಪಾಕ್ಸಿಯನ್ನೇ ಮೇಲ್ಪದರವಾಗಿ ಬಿಟ್ಟರೆ ಅದು ಬಿಸಿಲಿಗೆ ಸುಣ್ಣದಂತೆ ಪುಡಿಯೇಳುತ್ತದೆ. ಒರಟುತನಕ್ಕಾಗಿ ತೊಳೆದ ಸಿಲಿಕಾ ಮರಳು ಅಥವಾ ಅಲ್ಯುಮಿನಿಯಂ ಆಕ್ಸೈಡನ್ನು ಬಳಸಲಾಗುತ್ತದೆ. ಪುಕ್ಕಟೆ ದೊರೆಯುವುದೆಂದು ಕಡಲತೀರದ ಮರಳನ್ನು ಬಳಸುವ ಆಸೆ ಬೇಡ. ಅದರಲ್ಲಿನ ಉಪ್ಪು ಬಣ್ಣದ ಪದರದ ಮೂಲಕ ನೀರನ್ನು ಸೆಳೆದು ಗುಳ್ಳೆಗಳನ್ನು ಎಬ್ಬಿಸುತ್ತದೆ. ಮರಳನ್ನು ಡಬ್ಬಿಯಲ್ಲಿಯೇ ಬೆರೆಸಿದರೆ ತಳಕ್ಕಿಳಿದು ಡೆಕ್ಕಿನ ಒಂದು ಬದಿ ಒರಟು, ಇನ್ನೊಂದು ಬದಿ ನುಣುಪು ಆಗುವುದುಂಟು. ಅದಕ್ಕಿಂತ ಹಸಿ ಬಣ್ಣದ ಮೇಲೆ ಮರಳನ್ನು ಧಾರಾಳವಾಗಿ ಉದುರಿಸಿ, ಒಣಗಿದ ಬಳಿಕ ಸಡಿಲವಾದುದನ್ನು ಗುಡಿಸಿ, ಮೇಲೊಂದು ತೆಳುವಾದ ಲೇಪ ಕೊಡುವುದು ವಿಶ್ವಾಸಾರ್ಹ ವಿಧಾನ. ಕೊನೆಯ ಲೇಪವು ಹಸಿಯಿರುವಾಗಲೇ ಟೇಪನ್ನು ಎಳೆಯಬೇಕು. ಗಾಢ ವರ್ಣವು ಬಿಸಿಲಿನಲ್ಲಿ ಬರಿಗಾಲನ್ನು ಸುಡುವುದರಿಂದ ತಿಳಿಬೂದು ಮೇಲು.

ಹವೆಯ ವಿಷಯದಲ್ಲಿ ರಾಜಿ ಸಲ್ಲದು. ಸಾಮಾನ್ಯ ನಿಯಮದಂತೆ ಗಾಳಿಯ ಸಾಪೇಕ್ಷ ಆರ್ದ್ರತೆಯು ಶೇ. 85ಕ್ಕಿಂತ ಕಡಿಮೆಯಿರಬೇಕು, ಡೆಕ್ಕಿನ ಉಷ್ಣತೆಯು ಇಬ್ಬನಿಗಟ್ಟುವ ಮಟ್ಟಕ್ಕಿಂತ ಕನಿಷ್ಠ 3 ಡಿಗ್ರಿ ಸೆಲ್ಸಿಯಸ್ ಹೆಚ್ಚಿರಬೇಕು. ತೇವ ಸೇರಿದರೆ ಪಾಲಿಯುರಿಥೇನ್ ಗುಳ್ಳೆಗಟ್ಟುತ್ತದೆ. ಜುಲೈಯಲ್ಲಿ ಬಯಲಿನಲ್ಲಿ ಇದು ದುರ್ಲಭವಾದ್ದರಿಂದ ಬೋಟಿನ ಮೇಲೆ ಚಪ್ಪರ, ಬೀಸಣಿಗೆ, ಒಂದು ಆರ್ದ್ರತಾಮಾಪಕ, ಇವುಗಳ ವೆಚ್ಚವನ್ನು ದರಪಟ್ಟಿಯಲ್ಲಿಯೇ ಸೇರಿಸಬೇಕು. ಸಾಧ್ಯವಿದ್ದರೆ ಒಣಹವೆಯ ತಿಂಗಳುಗಳಲ್ಲಿ ಡೆಕ್ಕನ್ನು ಭಾಗಭಾಗವಾಗಿ ಮುಗಿಸಲು ಮಾಲೀಕರನ್ನು ಒಪ್ಪಿಸುವುದು ಇಬ್ಬರಿಗೂ ಲಾಭಕರ. ಈ ಬಣ್ಣದ ಗಟ್ಟಿಕಾರಕದಲ್ಲಿ ಐಸೊಸಯನೇಟ್ ಇರುವುದರಿಂದ ಬಟ್ಟೆಯ ಮುಖಗವಸು ಸಾಲದು. ಸೂಕ್ತ ಶ್ವಾಸರಕ್ಷಕವೂ ಕೈಗವಸೂ ಕಡ್ಡಾಯವೆಂದೇ ತಿಳಿಯಬೇಕು.

ಡಬ್ಬಿಯ ಮೇಲೆ ನಮೂದಿಸಿದ ಚದರ ಮೀಟರಿನ ಲೆಕ್ಕವು ನಯವಾದ ಮೇಲ್ಮೈಗೆ ಸಂಬಂಧಿಸಿದ್ದು. ಮರಳಿನ ಮೇಲಿನ ಲೇಪವು ಅದಕ್ಕಿಂತ ಹೆಚ್ಚು ಬಣ್ಣವನ್ನು ಕುಡಿಯುವುದರಿಂದ ಖರೀದಿಯಲ್ಲಿ ಅದಕ್ಕೆ ಅವಕಾಶವಿಡಬೇಕು. ತಯಾರಕರು ಸೂಚಿಸಿದ ಅವಧಿ ಪೂರ್ಣಗೊಳ್ಳುವವರೆಗೆ ಡೆಕ್ಕಿನ ಮೇಲೆ ಬಲೆಯನ್ನಾಗಲಿ ಮೀನಿನ ಕ್ರೇಟುಗಳನ್ನಾಗಲಿ ಇರಿಸಬಾರದು. ಬೋಟನ್ನು ಒಪ್ಪಿಸುವ ದಿನ ಡೆಕ್ಕಿನ ಮೇಲೆ ನೀರು ಹೊಯ್ದು, ಮಾಲೀಕರನ್ನೇ ಬರಿಗಾಲಿನಲ್ಲಿ ನಡೆಸಿ, ಹಿಡಿತ ಸಾಲದ ಜಾಗಗಳಿಗೆ ಸೀಮೆಸುಣ್ಣದ ಗುರುತು ಹಾಕಿ ಅಲ್ಲಷ್ಟೇ ಮರುಲೇಪನ ಮಾಡಿದರಾಯಿತು.