ಹೇಮಕೂಟಕ್ಕೆ ಟಿಕೆಟ್ ಇಲ್ಲ, ಖರ್ಚುಂಟು

ಹಂಪಿಯಲ್ಲಿ ಪ್ರವಾಸಿಯ ಜೇಬು ಹಗುರವಾಗುವುದು ಹೆಚ್ಚಾಗಿ ಆಟೊದಲ್ಲಿ. ವಿಜಯ ವಿಠ್ಠಲ ದೇವಾಲಯದ ಪ್ರವೇಶ ಶುಲ್ಕ ಭಾರತೀಯರಿಗೆ 40 ರೂಪಾಯಿ. ಚೀಟಿ ಜೋಪಾನ ಮಾಡಿದರೆ ಅದೇ ದಿನ ಕಮಲ ಮಹಲಿನ ಆವರಣಕ್ಕೂ ಅದೇ ಸಾಕು. ಎರಡನ್ನೂ ಎರಡು ದಿನಕ್ಕೆ ಹಂಚಿಕೊಂಡವರು ಎರಡು ಸಲ ತೆರಬೇಕು. ಬಯಲಲ್ಲಿ ಹರಡಿಕೊಂಡಿರುವ ಮಿಕ್ಕ ಹಂಪಿಯ ಬಹುಪಾಲಿಗೆ ಟಿಕೆಟ್ಟೇ ಇಲ್ಲ.

ಈ ಅಂಕಣಕಾರ್ತಿ ಬಳ್ಳಾರಿ ಕಡೆಯ ನಾದಿನಿಯೊಂದಿಗೆ ಹೊರಟಾಗ ಮೊದಲ ಚರ್ಚೆ ಕೋಣೆಯದ್ದು. ಹದಿಮೂರು ಕಿಲೋಮೀಟರ್ ದೂರದ ಹೊಸಪೇಟೆಯಲ್ಲಿ ಲಾಡ್ಜು ಅಗ್ಗ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಇರುವುದರಿಂದ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಇಬ್ಬರಿಗೂ ಶೂನ್ಯ ಟಿಕೆಟ್. ಕಾಗದದ ಮೇಲೆ ಹೊಸಪೇಟೆಯೇ ಗೆದ್ದಿತು.

ಆದರೆ ಇಬ್ಬರಿಗೂ ಬೇಕಿದ್ದದ್ದು ಸಂಜೆ. ಸೂರ್ಯ ಮುಳುಗುವವರೆಗೆ ಗುಡ್ಡದ ಮೇಲೆ ಕೂತು, ಆಮೇಲೆ ಕತ್ತಲಲ್ಲಿ ಬಸ್ಸಿಗೆ ಕಾಯುವುದೋ ಆಟೊದವರು ಹೇಳಿದಷ್ಟು ಕೊಡುವುದೋ? ಹಾಗಾಗಿ ಕೋಣೆಗೆ ಒಂದಿಷ್ಟು ಹೆಚ್ಚು ಕೊಟ್ಟು, ವಿರೂಪಾಕ್ಷ ದೇವಾಲಯದ ಹತ್ತಿರದ ಜನತಾ ಪ್ಲಾಟಿನಲ್ಲೇ ಇಳಿದುಕೊಂಡರು.

"ಅಕ್ಕಾರ, ಸನ್‌ಸೆಟ್ ಪಾಯಿಂಟ್ ತೋರಿಸ್ಕೊಂಡ್ ಬರ್ತೀನ್ರಿ, ಮುನ್ನೂರು ಕೊಡ್ರಿ."

"ಗುಡ್ಡ ಇಲ್ಲೇ ಐತಲ್ಲಣ್ಣ," ಎಂದಳು ನಾದಿನಿ. ಆಟೊದವನೂ ನಕ್ಕ.

ಹೇಮಕೂಟ ನಿಜಕ್ಕೂ ಅಲ್ಲೇ, ದೇವಾಲಯದ ಮಗ್ಗುಲಲ್ಲೇ ಇದೆ. ಮೆಟ್ಟಿಲುಗಳಿಗಿಂತ ಇಳಿಜಾರು ಬಂಡೆಯೇ ಹೆಚ್ಚು. ಬಿಸಿಲು ಹೀರಿದ ಕಲ್ಲು ಸಂಜೆಯಲ್ಲೂ ಬೆಚ್ಚಗಿರುತ್ತದೆ. ಮೇಲಿನ ಪುಟ್ಟ ಗುಡಿಗಳ ಮೆಟ್ಟಿಲು ಮೆಟ್ಟಿಲಾದ ಶಿಖರ ನೋಡಿ ಹಲವರು ಜೈನ ಬಸದಿ ಎನ್ನುತ್ತಾರೆ. ಅವುಗಳಲ್ಲಿ ಹೆಚ್ಚಿನವು ಶಿವಾಲಯಗಳು. ಮೂರು ಗರ್ಭಗುಡಿಯ ಒಂದನ್ನು ಕಟ್ಟಿಸಿದ್ದು ಕಂಪಿಲದೇವ. ಆಗಿನ್ನೂ ವಿಜಯನಗರವೇ ಹುಟ್ಟಿರಲಿಲ್ಲ. ಪಂಪೆಯನ್ನು ವರಿಸಲು ಶಿವ ಒಪ್ಪಿದಾಗ ದೇವತೆಗಳು ಇಲ್ಲಿ ಚಿನ್ನದ ಮಳೆ ಸುರಿಸಿದರಂತೆ. ಹಣಕಾಸು ಬರೆಯುವವರು ತಡವಾಗಿ ಬಂದರು, ಏನು ಮಾಡುವುದು!

ದಕ್ಷಿಣದ ಬುಡದಲ್ಲಿ ಎಂಟಡಿಯ ಸಾಸಿವೆಕಾಳು ಗಣೇಶ. ಅದರ ಮಂಟಪ 1506ರಲ್ಲಿ ಚಂದ್ರಗಿರಿಯ ವ್ಯಾಪಾರಿಯೊಬ್ಬ ಕಟ್ಟಿಸಿದ್ದು, ತೀರಿಹೋದ ಅರಸನ ನೆನಪಿಗೆ. ಅಂದು ವರ್ತಕ ಖರ್ಚು ಮಾಡಿದ ನೆರಳಲ್ಲಿ ಇಂದು ಯಾರಾದರೂ ಕಾಸಿಲ್ಲದೆ ಕೂರಬಹುದು.

ಕಾವಲುಗಾರರ ಸೀಟಿ ಕೇಳಿದೊಡನೆ ಇಬ್ಬರೂ ಇಳಿದರು, ಐದೇ ನಿಮಿಷದಲ್ಲಿ ಕೋಣೆ. ಆ ಸಂಜೆಯ ಒಟ್ಟು ಖರ್ಚು ಎರಡು ಚಹಾ, ಒಂದು ಚಿಪ್ಪು ಸುಗಂಧಿ ಬಾಳೆಹಣ್ಣು.

ಮಾತಂಗ ಬೆಟ್ಟದ ವಿಷಯ ಬೇರೆ. ಹಂಪಿಯಲ್ಲೇ ಎತ್ತರದ ಆ ತುದಿಯ ವೀರಭದ್ರನ ಗುಡಿಗೂ ಶುಲ್ಕವಿಲ್ಲ, ಆದರೆ ದಾರಿ ಕಡಿದು. ಮುಸ್ಸಂಜೆಗೆ ಜನವೂ ವಿರಳ. ಮರುದಿನ ಒಗ್ಗರಣೆ-ಮಿರ್ಚಿ ತಿನ್ನುವಾಗಲೇ ಅವರು ಊರಿನ ಒಬ್ಬ ಗೈಡನ್ನು ಗೊತ್ತು ಮಾಡಿದರು. ಆಟೊಗೆ ಕೊಡದೆ ಉಳಿಸಿದ ಮುನ್ನೂರು ಅಲ್ಲಿಗೆ ಹೋಯಿತು, ಮೇಲೊಂದಿಷ್ಟು ಸೇರಿತು ಕೂಡ.