ವ್ಯಾಟ್ ಬಿಡಿ, ಲ್ಯೂಮೆನ್ ನೋಡಿ

ಬಲ್ಬ್ ಕೊಳ್ಳುವಾಗ ವ್ಯಾಟ್ ಕೇಳುವ ರೂಢಿ ಬಿಡಿ. ವ್ಯಾಟ್ ಹೇಳುವುದು ಕರೆಂಟಿನ ಖರ್ಚನ್ನು. ಬೆಳಕಿನ ಲೆಕ್ಕ ಲ್ಯೂಮೆನ್‌ನಲ್ಲಿ. ಹಳೆಯ 60 ವ್ಯಾಟ್ ಬಲ್ಬಿನಷ್ಟೇ, ಅಂದರೆ ಸುಮಾರು 800 ಲ್ಯೂಮೆನ್ ಬೆಳಕನ್ನು 9 ವ್ಯಾಟ್‌ನ ಎಲ್‌ಇಡಿ ಕೊಡುತ್ತದೆ.

ಆದರೆ ಮನೆಯಲ್ಲಿ ಮಗು ಓದುವಾಗ ಪುಸ್ತಕದ ಮೇಲೆ ಎಷ್ಟು ಬೆಳಕು ಬೀಳುತ್ತದೆ ಎನ್ನುವುದೇ ಮುಖ್ಯ. ಅದರ ಅಳತೆ ಲಕ್ಸ್: ಒಂದು ಚದರ ಮೀಟರಿನ ಮೇಲೆ ಬೀಳುವ ಲ್ಯೂಮೆನ್. ಓದಲು 300ರಿಂದ 500 ಲಕ್ಸ್ ಇರಲಿ. ಬಲ್ಬಿನಿಂದ ದೂರ ಇಮ್ಮಡಿಯಾದರೆ ನೇರ ಬೆಳಕು ಕಾಲುಭಾಗಕ್ಕೆ ಇಳಿಯುತ್ತದೆ. ಹಾಗಾಗಿ ಚಾವಣಿಯ ದೀಪವನ್ನೇ ನೆಚ್ಚಬೇಡಿ, ಮೇಜಿನ ಮೇಲೊಂದು ದೀಪ ಇಡಿ.

ಗೋಡೆಗೆ ಬಿಳಿ ಬಣ್ಣವೇ ಒಳ್ಳೆಯದು. ಬಿದ್ದ ಬೆಳಕಿನ ಮುಕ್ಕಾಲು ಪಾಲಿಗೂ ಹೆಚ್ಚು ಕೋಣೆಗೆ ಮರಳುತ್ತದೆ. ಗಾಢ ಕಂದು ಬಹುಪಾಲನ್ನು ನುಂಗಿಬಿಡುತ್ತದೆ. ಮೇಜಿಗೆ ಗಾಜು ಹಾಸಿದ್ದರೆ ದಯವಿಟ್ಟು ತೆಗೆಯಿರಿ, ದೀಪ ಅದರಲ್ಲಿ ಹೊಳೆದು ಕಣ್ಣು ಕುಕ್ಕುತ್ತದೆ.